ಸಂಘದ ಮೇಲ್ ಸ್ಪ್ಯಾಮಿಗೆ ಬೀಳದಿರಲು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬದಿಯಡ್ಕದ ಕಡೆಯವನು. ಕಂಪ್ಯೂಟರ್ ಸ್ವಲ್ಪ ಗೊತ್ತು ಎಂದು ಯಾರೋ ಒಮ್ಮೆ ಹೇಳಿಬಿಟ್ಟರು. ಅಲ್ಲಿಂದ ಊರಿನ ಯಕ್ಷಗಾನ ಸಂಘ, ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘ, ದೇವಸ್ಥಾನದ ಸಮಿತಿ ಎಲ್ಲದರ ಮೇಲ್ ಕಳಿಸುವ ಕೆಲಸ ನನ್ನ ತಲೆಗೆ ಬಂತು. ಈಗ ಮದುವೆಯ ಊಟದ ಪಂಕ್ತಿಯಲ್ಲಿ ಕೂತರೂ ಪಕ್ಕದವರು ಕೇಳುವುದು ಇದನ್ನೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದಿದ್ದೇನೆ. ಸುಲಭದ್ದು ಮೊದಲು, ತಲೆಬಿಸಿಯದ್ದು ಕೊನೆಗೆ.

## ಮೊದಲು ಇಷ್ಟು

ನಾವು ಎಂತ ಮೋಸ ಮಾಡಿದ್ದೇವೆ ಮಾರಾಯ್ರೆ? ನಮ್ಮ ಆಮಂತ್ರಣ ಯಾಕೆ ಸ್ಪ್ಯಾಮಿಗೆ ಹೋಗುವುದು?

ಮೋಸ ಮಾಡಬೇಕೆಂದೇ ಇಲ್ಲ. ಮೊದಲ ಸ್ಪ್ಯಾಮ್ ಎಂದು ಎಲ್ಲರೂ ತೋರಿಸುವ 1978ರ ಮೇಲ್ ಕೂಡ ಮೋಸದ್ದಲ್ಲ. ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯವರು ತಮ್ಮ ಹೊಸ ಯಂತ್ರ ನೋಡಲು ಬನ್ನಿ ಎಂದು ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್‌ನಲ್ಲಿದ್ದ ಸುಮಾರು 400 ಮಂದಿಗೆ ಕಳಿಸಿದ್ದು. ಅದೂ ಆಮಂತ್ರಣವೇ! ಕಳಿಸಿ ಎಂದು ಯಾರೂ ಹೇಳಿರಲಿಲ್ಲ, ಅಷ್ಟೇ.

ಬಂದ ಮೇಲನ್ನು ಸೋಸುವ ಫಿಲ್ಟರ್ ನೋಡುವುದು ಮುಖ್ಯವಾಗಿ ಎರಡನ್ನು. ಈ ಮೇಲ್ ಯಾರ ಹೆಸರಿನಲ್ಲಿ ಬಂದಿದೆಯೋ ಅವರೇ ಕಳಿಸಿದ್ದಾ? ಸಿಕ್ಕಿದವರಿಗೆ ಇದು ಬೇಕಿತ್ತಾ? ಮೊದಲನೆಯದಕ್ಕೆ ಉತ್ತರ ಡೊಮೈನಿನ (ಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರಿನ) ದಾಖಲೆಗಳಲ್ಲಿದೆ. ಅದು ಒಂದು ಮಧ್ಯಾಹ್ನದ ಕೆಲಸ. ಎರಡನೆಯದಕ್ಕೆ ಉತ್ತರ ನಿಮ್ಮ ವಿಳಾಸಪಟ್ಟಿಯಲ್ಲಿದೆ. ನನ್ನ ಅನುಭವದಲ್ಲಿ ಸಂಘಗಳು ಸೋಲುವುದು ಅಲ್ಲಿ. ಆದರೆ ಎಲ್ಲರೂ ನನ್ನ ಹತ್ತಿರ ಕೇಳುವುದು 'ಯಾವ ಪದ ಬರೆಯಬಾರದು' ಎಂದು.

ವಾಟ್ಸಾಪ್ ಉಂಟಲ್ಲ, ಇನ್ನು ಮೇಲ್ ಯಾಕೆ?

ನಾಳೆ ಸಂಜೆ ತಾಳಮದ್ದಳೆ ಎಂದು ಹೇಳಲು ವಾಟ್ಸಾಪ್ ಸಾಕು. ಮಹಾಸಭೆಯ ನೋಟಿಸ್, ಲೆಕ್ಕಪತ್ರ, ದೇಣಿಗೆಯ ರಶೀದಿ ಇವೆಲ್ಲ ನಾಲ್ಕು ವರ್ಷದ ನಂತರವೂ ಹುಡುಕಿದರೆ ಸಿಗಬೇಕು. ವಾಟ್ಸಾಪ್ ಗ್ರೂಪಿನಲ್ಲಿ 1024 ಮಂದಿಗಿಂತ ಜಾಸ್ತಿ ಹಿಡಿಯುವುದಿಲ್ಲ. ನಿಮ್ಮ ಲೆಕ್ಕಪತ್ರ ಅಲ್ಲಿ ಶುಭೋದಯದ ಹೂವುಗಳ ಅಡಿಯಲ್ಲಿ ಹೂತುಹೋಗುತ್ತದೆ. ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವವರು ಫೋನ್ ನಂಬರ್ ಬದಲಿಸಿದರೂ ಮೇಲ್ ವಿಳಾಸ ಬದಲಿಸುವುದು ಕಡಿಮೆ.

ಅಧ್ಯಕ್ಷರ ಜೀಮೇಲಿನಿಂದ ಎಲ್ಲರನ್ನೂ ಬಿಸಿಸಿಗೆ ಹಾಕಿ ಕಳಿಸಿದರೆ ಸಾಲದಾ?

ಐವತ್ತು ಮಂದಿಗಾದರೆ ಆದೀತು. ಮಾಮೂಲು ಜೀಮೇಲ್ ಖಾತೆಯಿಂದ ದಿನಕ್ಕೆ 500 ಮಂದಿಗಿಂತ ಜಾಸ್ತಿ ಕಳಿಸಲು ಬಿಡುವುದಿಲ್ಲ. ಮಿತಿ ದಾಟಿದರೆ ಒಂದು ದಿನದವರೆಗೂ ಕಳಿಸುವುದೇ ನಿಲ್ಲಬಹುದು. ಆಗ ಅಧ್ಯಕ್ಷರ ಸ್ವಂತ ಕೆಲಸದ ಮೇಲ್ ಕೂಡ ಹೋಗುವುದಿಲ್ಲ. ಅವರ ಬೈಗುಳ ಕೇಳುವವರು ಕಾರ್ಯದರ್ಶಿಗಳು.

ಒಂದು ದಿನ ಕೈತಪ್ಪಿ ಬಿಸಿಸಿ ಬದಲು ಸಿಸಿಗೆ ಹಾಕಿದರೆ ಎಲ್ಲರ ವಿಳಾಸ ಎಲ್ಲರಿಗೂ ಕಾಣುತ್ತದೆ. ಮೇಲಾಗಿ ಇದರಲ್ಲಿ 'ನನಗೆ ಬೇಡ' ಎನ್ನಲು ದಾರಿ ಇಲ್ಲ. ಬೇಡದವರಿಗೆ ಕೈಗೆ ಸಿಗುವುದು ಸ್ಪ್ಯಾಮ್ ಬಟನ್ ಮಾತ್ರ.

ಇನ್ನೂ ಒಂದು ತಪ್ಪು ದಾರಿ ಇದೆ. ಕಳಿಸುವುದು ಬೇರೆ ಮೇಲ್ ಸೇವೆಯಿಂದ, ಹೆಸರಿನ ಜಾಗದಲ್ಲಿ ಮಾತ್ರ ಸಂಘದ ಜೀಮೇಲ್ ವಿಳಾಸ. ಹೊರಗಿನ ಸರ್ವರಿನಿಂದ (ಮೇಲ್ ಸಾಗಿಸುವ ಕಂಪ್ಯೂಟರಿನಿಂದ) ಕಳಿಸುವಾಗ ಜೀಮೇಲಿನ ಹೆಸರು ಹಾಕಬೇಡಿ ಎಂದು ಗೂಗಲ್ ತನ್ನ ನಿಯಮದಲ್ಲೇ ಹೇಳಿಟ್ಟಿದೆ. ಅಂಥದ್ದು ನೆಟ್ಟಗೆ ಸ್ಪ್ಯಾಮಿಗೆ.

ನಮ್ಮದು ಪ್ರಮೋಷನ್ಸ್ ಎಂಬಲ್ಲಿ ಹೋಗಿ ಕೂರ್ತದೆ. ಅದೂ ಸ್ಪ್ಯಾಮೇ ಅಲ್ವಾ?

ಅಲ್ಲ. ಅದು ಇನ್‌ಬಾಕ್ಸಿನದ್ದೇ ಇನ್ನೊಂದು ಕೋಣೆ, 2013ರಿಂದ ಇದೆ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಸದಸ್ಯರು ಮೇಲನ್ನು ಒಮ್ಮೆ ಪ್ರೈಮರಿ ಎಂಬ ಮುಖ್ಯ ಕೋಣೆಗೆ ಎಳೆದು ಹಾಕಿದರೆ ಅವರ ಮಟ್ಟಿಗೆ ಸರಿಯಾಗುತ್ತದೆ.

## ವಿಳಾಸಪಟ್ಟಿಯ ಮಾತು

ಹಳೆ ರಶೀದಿ ಪುಸ್ತಕಗಳಿಂದ ಸಾವಿರದಷ್ಟು ವಿಳಾಸ ಟೈಪ್ ಮಾಡಿಸಿದ್ದೇವೆ. ಎಲ್ಲರಿಗೂ ಒಮ್ಮೆ ಕಳಿಸಿ ನೋಡುವುದಾ?

ಬೇಡ! ನಾನು ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಹಳೆ ವಿದ್ಯಾರ್ಥಿಗಳ ಸಂಘದ ವಾರ್ಷಿಕೋತ್ಸವಕ್ಕೆ ಹತ್ತು ಹನ್ನೆರಡು ವರ್ಷದ ರಶೀದಿಗಳನ್ನು ಕೂತು ಬಿಡಿಸಿದೆವು. ಕೈಬರಹದಲ್ಲಿ 'ಎನ್' ಯಾವುದು 'ಯು' ಯಾವುದು ಗೊತ್ತಾಗದೆ ಊಹಿಸಿ ಟೈಪ್ ಮಾಡಿದೆವು. ರಾತ್ರಿ ಹತ್ತು ಗಂಟೆಗೆ ಒಟ್ಟಿಗೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ವಾಪಸ್ ಬಂದ ಮೇಲ್‌ಗಳ ರಾಶಿ. ನಮ್ಮ ಮೇಲ್ ಸೇವೆಯವರು ಖಾತೆಯನ್ನೇ ತಡೆಹಿಡಿದಿದ್ದರು. ಕಾರ್ಯಕ್ರಮಕ್ಕೆ ಆರು ದಿನ ಉಳಿದಿತ್ತು. ಕೊನೆಗೆ ಅಂಚೆ ಕಾರ್ಡೇ ಗತಿಯಾಯಿತು.

ಯಾಕೆ ಹೀಗಾಯಿತು? ಹಳೆ ವಿಳಾಸಗಳು ಸಾಯುತ್ತವೆ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿದೆ. ಯಾಹೂ ಒಂದು ವರ್ಷ ಮುಟ್ಟದಿದ್ದರೆ ಸಾಕು ಎನ್ನುತ್ತದೆ. ನಮ್ಮ ಹಿರಿಯರು ಸೈಬರ್ ಕೆಫೆಯ ಕಾಲದಲ್ಲಿ ಮಾಡಿಸಿದ ರೆಡಿಫ್, ಹಾಟ್‌ಮೇಲ್ ಖಾತೆಗಳ ಪಾಸ್‌ವರ್ಡ್ ಅವರಿಗೇ ನೆನಪಿಲ್ಲ. ಇಲ್ಲದ ವಿಳಾಸಗಳಿಗೆ ರಾಶಿ ಮೇಲ್ ಬಂದರೆ ಸರ್ವರಿಗೆ ಒಂದೇ ಅರ್ಥ ಕಾಣುವುದು: ಇವನು ಎಲ್ಲಿಂದಲೋ ಪಟ್ಟಿ ಎತ್ತಿಕೊಂಡು ಬಂದಿದ್ದಾನೆ. ಕೆಲವು ಸತ್ತ ವಿಳಾಸಗಳನ್ನು ಸ್ಪ್ಯಾಮ್ ಹಿಡಿಯುವವರು ಬೇಕೆಂದೇ ಮತ್ತೆ ಜೀವಂತ ಮಾಡಿ ಬಲೆಯಾಗಿ ಇಡುತ್ತಾರೆ. ಅಲ್ಲಿಗೆ ಹೋದ ಮೇಲ್ ವಾಪಸ್ ಬರುವುದೂ ಇಲ್ಲ. ಸುಮ್ನೆ ನಿಮ್ಮ ಹೆಸರು ಬರೆದುಕೊಳ್ಳುತ್ತಾರೆ.

ಹಳೆ ಪಟ್ಟಿ ಇದ್ದರೆ ಮೊದಲು ಫೋನ್ ಮಾಡಿ, ಇಲ್ಲವೇ ವಾಟ್ಸಾಪಿನಲ್ಲಿ ಒಂದು ಫಾರ್ಮ್ ಕಳಿಸಿ. 'ಮೇಲ್ ಬೇಕಾದವರು ತುಂಬಿ' ಎನ್ನಿ. ಸಾವಿರ ಹೋಗಿ ಮುನ್ನೂರು ಉಳಿಯಬಹುದು. ಸಮಿತಿ ಸಭೆಯಲ್ಲಿ ಇದನ್ನು ಒಪ್ಪಿಸುವುದೇ ದೊಡ್ಡ ಕಷ್ಟ, ಏಕೆಂದರೆ ವರದಿಯಲ್ಲಿ ಸಾವಿರ ಎಂದು ಓದಲು ಚಂದ. ಆದರೆ ಆ ಮುನ್ನೂರು ಮಂದಿಗೆ ಮೇಲ್ ಮುಟ್ಟುತ್ತದೆ.

ಸಮಾಜದ ಡೈರೆಕ್ಟರಿಯಲ್ಲಿ ಎಲ್ಲರ ಮೇಲ್ ವಿಳಾಸ ಉಂಟು. ನಮ್ಮವರೇ ಅಲ್ವಾ, ತೆಗೆದುಕೊಳ್ಳಬಹುದಾ?

ಡೈರೆಕ್ಟರಿಗೆ ವಿಳಾಸ ಕೊಟ್ಟದ್ದು ಡೈರೆಕ್ಟರಿಗೆ. ನಿಮ್ಮ ಸಂಘಕ್ಕೆ ಕೊಟ್ಟದ್ದಲ್ಲ. ಬೇರೆಯವರು ಸಿಸಿಯಲ್ಲಿ ಹಾಕಿ ಕಳಿಸಿದ ಪತ್ರದಿಂದ ಹೆಕ್ಕುವುದೂ ಹಾಗೆಯೇ. ದುಡ್ಡು ಕೊಟ್ಟು ಪಟ್ಟಿ ಕೊಳ್ಳುವ ಮಾತನ್ನಂತೂ ಎತ್ತಲೇಬೇಡಿ.

ಅನ್‌ಸಬ್‌ಸ್ಕ್ರೈಬ್ ಲಿಂಕ್ ಹಾಕಿದರೆ ಎಲ್ಲರೂ ಬಿಟ್ಟು ಹೋಗುವುದಿಲ್ವಾ?

ಒಬ್ಬ ಖಜಾಂಚಿ ನನ್ನ ಹತ್ತಿರ ಜಗಳವನ್ನೇ ಆಡಿದರು, 'ಬಾಗಿಲು ನಾವೇ ತೆರೆದಿಟ್ಟು ಹೋಗಿ ಎನ್ನುವುದಾ' ಎಂದು. ಬಾಗಿಲು ಇಡದಿದ್ದರೆ ಅವರು ಗೋಡೆ ಒಡೆಯುತ್ತಾರೆ. ಬಿಟ್ಟು ಹೋದವರಿಂದ ನಿಮಗೆ ಒಂದು ವಿಳಾಸ ಮಾತ್ರ ನಷ್ಟ. ಸ್ಪ್ಯಾಮ್ ಒತ್ತಿದವರಿಂದ ಉಳಿದ ಸದಸ್ಯರ ಮೇಲ್‌ಗಳಿಗೂ ಪೆಟ್ಟು.

ಲಿಂಕ್ ಕಣ್ಣಿಗೆ ಕಾಣುವ ಹಾಗಿರಲಿ. 'ಈ ಮೇಲ್ ಬೇಡವಾದರೆ ಇಲ್ಲಿ ಒತ್ತಿ' ಎಂದು ಕನ್ನಡದಲ್ಲೇ ಬರೆಯಿರಿ. ಒತ್ತಿದ ಮೇಲೆ ಪಾಸ್‌ವರ್ಡ್ ಕೇಳಬೇಡಿ, ಕಾರಣವನ್ನೂ ಕೇಳಬೇಡಿ. ಹೆಸರನ್ನು ಎರಡು ದಿನದೊಳಗೆ ತೆಗೆಯಿರಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲೂ ಇದೇ ಮಾತಿದೆ: ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು.

ನಾವು ದೀಪಾವಳಿಯಿಂದ ಪತ್ತನಾಜೆವರೆಗೆ ಮಾತ್ರ ಕಳಿಸುವುದು. ಆಮೇಲೆ ಮಳೆಗಾಲ ಪೂರ್ತಿ ಸುದ್ದಿ ಇಲ್ಲ. ತೊಂದರೆ ಉಂಟಾ?

ಉಂಟು. ಆಟಿ, ಸೋಣ ಎಂಬ ಮಳೆ ತಿಂಗಳುಗಳು ಕಳೆದು ಒಮ್ಮೆಲೇ ಎಲ್ಲರಿಗೂ ಮೇಲ್ ಹೋದರೆ ಜೀಮೇಲಿಗೆ ನೀವು ಹೊಸಬರ ಹಾಗೆ ಕಾಣುತ್ತೀರಿ. ಸದಸ್ಯರಿಗೂ ಅಷ್ಟೇ, 'ಇದು ಯಾರು' ಎಂದು ಕೇಳುವಷ್ಟು ಮರೆತಿರುತ್ತಾರೆ. ಮಳೆಗಾಲದಲ್ಲೂ ತಿಂಗಳಿಗೊಂದು ಚಿಕ್ಕ ಮೇಲ್ ಇರಲಿ. ಬರೆಯಲು ವಿಷಯ ಇಲ್ಲ ಎನ್ನಬೇಡಿ. ಹಿಂದಿನ ವರ್ಷದ ಯಕ್ಷಗಾನ ಆಟದ ಎರಡು ಫೋಟೋ, ಯಾರ ಮನೆಯ ಅಡಿಕೆಗೆ ಎಷ್ಟು ಕೊಳೆರೋಗ ಬಂತು ಎಂಬ ಸುದ್ದಿ ಸಾಕು. ಗಲ್ಫಿನಲ್ಲಿರುವವರು ಅದನ್ನೇ ಆಸೆಯಿಂದ ಓದುತ್ತಾರೆ.

## ಮೇಲ್‌ನ ಒಳಗೆ

ಡಿಟಿಪಿಯವರು ಕೊಟ್ಟ ಕನ್ನಡವನ್ನು ಅಂಟಿಸಿದರೆ ಏನೇನೋ ಇಂಗ್ಲಿಷ್ ಅಕ್ಷರ ಬರ್ತದೆ. ಅದಕ್ಕೂ ಸ್ಪ್ಯಾಮಿಗೂ ಸಂಬಂಧ ಉಂಟಾ?

ಖಂಡಿತ ಉಂಟು. ಪ್ರೆಸ್ಸಿನವರು ಇನ್ನೂ ಹಳೆ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕೆಲಸ ಮಾಡುತ್ತಾರೆ. ಅವು ಯೂನಿಕೋಡ್ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು, ಮೇಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚುತ್ತದೆ. ಫಿಲ್ಟರಿಗೆ ವೇಷ ಕಾಣುವುದೇ ಇಲ್ಲ, ಅದು ಓದುವುದು ಅರ್ಥವಿಲ್ಲದ ಅಕ್ಷರಗಳ ರಾಶಿಯನ್ನು. ಅಂಥ ರಾಶಿ ಸ್ಪ್ಯಾಮ್ ಕಳಿಸುವವರ ಹಳೆ ಚಾಳಿ.

ಯೂನಿಕೋಡಿಗೆ ಬದಲಿಸುವ ಕನ್ವರ್ಟರುಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಓದಿ. ಅರ್ಕಾವೊತ್ತು ಮತ್ತು ಒತ್ತಕ್ಷರ ಆಗಾಗ ಜಾಗ ತಪ್ಪುತ್ತವೆ.

ವರ್ಡ್ ಫೈಲಿನಿಂದ ನೇರ ಅಂಟಿಸುವುದೂ ಬೇಡ. ಅದರ ಜೊತೆ ಕಾಣದ ಕಸ ತುಂಬಾ ಬರುತ್ತದೆ. ಜೀಮೇಲ್ 102 ಕೆಬಿ ದಾಟಿದ ಮೇಲಿನ ಬಾಲವನ್ನು ಮಡಚಿಡುತ್ತದೆ. ಯೂನಿಕೋಡ್ ಕನ್ನಡ ಜಾಗವನ್ನೂ ಜಾಸ್ತಿ ತಿನ್ನುತ್ತದೆ. 'ಯಕ್ಷಗಾನ' ಎಂದು ಕನ್ನಡದಲ್ಲಿ ಬರೆದರೆ 21 ಬೈಟ್, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 10. ಉದ್ದದ ವಾರ್ಷಿಕ ವರದಿಗೆ ವರ್ಡಿನ ಕಸವೂ ಸೇರಿದರೆ ಮಿತಿ ದಾಟುವುದು ಕಷ್ಟವೇನಲ್ಲ. ಮಡಚಿದ ಬಾಲದಲ್ಲಿ ಏನಿರುತ್ತದೆ ಗೊತ್ತಾ? ನಿಮ್ಮ ಅನ್‌ಸಬ್‌ಸ್ಕ್ರೈಬ್ ಲಿಂಕ್.

ಚಂದದ ಪೋಸ್ಟರ್ ಮಾಡಿಸಿದ್ದೇವೆ. ಅದನ್ನೇ ಹಾಕಿ ಕಳಿಸಿದರೆ ಸಾಕಲ್ಲ?

ಪೋಸ್ಟರ್ ಇರಲಿ, ಪೋಸ್ಟರ್ ಮಾತ್ರ ಬೇಡ. ಇಡೀ ಮೇಲೇ ಒಂದು ಚಿತ್ರವಾದರೆ ಫಿಲ್ಟರಿಗೆ ಓದಲು ಏನೂ ಸಿಗುವುದಿಲ್ಲ. ಬರಹವನ್ನು ಚಿತ್ರದಲ್ಲಿ ಅಡಗಿಸುವುದು ಸ್ಪ್ಯಾಮಿನವರ ಉಪಾಯ ಎಂದು ಅದಕ್ಕೆ ಗೊತ್ತು. ದಿನ, ಹೊತ್ತು, ಜಾಗ, ಪ್ರಸಂಗದ ಹೆಸರು ಇಷ್ಟನ್ನು ಅಕ್ಷರದಲ್ಲಿ ಬರೆಯಿರಿ. ಚಿತ್ರ ತೆರೆಯದ ಫೋನಿನಲ್ಲೂ ಆಗ ವಿಷಯ ತಿಳಿಯುತ್ತದೆ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳಲೂ ಬೇಕಲ್ಲ.

ಭಾರದ ಪಿಡಿಎಫ್ ಲಗತ್ತಿಸುವ ಬದಲು ಸಂಘದ ವೆಬ್‌ಸೈಟಿನಲ್ಲಿಟ್ಟು ಲಿಂಕ್ ಕೊಡಿ. ಲಗತ್ತಿಸಿದ ಫೈಲ್ ಮೇಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಉಬ್ಬುತ್ತದೆ. ಲಿಂಕನ್ನು ಚಿಕ್ಕದು ಮಾಡಿಕೊಡುವ ಪುಕ್ಕಟೆ ಸೇವೆ ಬಳಸಬೇಡಿ. ಅದೇ ಡೊಮೈನಿನ ಹಿಂದೆ ಕಳ್ಳರೂ ಅಡಗಿರುತ್ತಾರೆ, ಅವರ ಪಾಪ ನಿಮಗೂ ತಾಗುತ್ತದೆ.

ಯಾವ ಯಾವ ಪದ ಹಾಕಬಾರದು, ಒಂದು ಪಟ್ಟಿ ಕೊಡಿ.

ಕೊಡುವುದಿಲ್ಲ. ಈಗಿನ ಫಿಲ್ಟರ್ 'ಉಚಿತ' ಎಂಬ ಒಂದೇ ಪದಕ್ಕೆ ಬೆಚ್ಚಿ ಬೀಳುವುದಿಲ್ಲ. 'ಉಚಿತ ಪ್ರವೇಶ, ಊಟದ ವ್ಯವಸ್ಥೆ ಇದೆ' ಎಂದು ಧಾರಾಳ ಬರೆಯಿರಿ. ಆದರೆ ಸಾಲು ಸಾಲು ಆಶ್ಚರ್ಯ ಚಿಹ್ನೆ ಬೇಡ. ಹಿಂದೆ ಮಾತುಕತೆ ನಡೆದಿದೆ ಎಂದು ನಂಬಿಸಲು ವಿಷಯದ ಸಾಲಿನಲ್ಲಿ ಸುಳ್ಳೇ 'ರೀ' (Re:) ಸೇರಿಸುವುದೂ ಬೇಡ. ಇಂಗ್ಲಿಷಿನವರು ಎಲ್ಲ ದೊಡ್ಡಕ್ಷರದಲ್ಲಿ ಕಿರುಚುವ ತಪ್ಪು ಮಾಡುತ್ತಾರೆ, ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ, ಬಚಾವ್.

ಕಳಿಸುವವರ ಹೆಸರು ಪ್ರತಿ ಸಲ ಒಂದೇ ಇರಲಿ. ಈ ತಿಂಗಳು ಸಂಘದ ಹೆಸರು, ಮುಂದಿನ ತಿಂಗಳು ಕಾರ್ಯದರ್ಶಿಯ ಹೆಸರು ಎಂದಾದರೆ ಓದುವವರಿಗೂ ಗುರುತು ಸಿಗುವುದಿಲ್ಲ. ಉತ್ತರ ಬರೆದರೆ ಯಾರಾದರೂ ಓದುವ ವಿಳಾಸ ಇರಲಿ. ಸದಸ್ಯರೊಬ್ಬರು 'ಬರ್ತೇನೆ, ಎರಡು ಕುರ್ಚಿ ಇಡಿ' ಎಂದು ಉತ್ತರಿಸುವುದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ.

ನಮ್ಮಲ್ಲಿ ಕನ್ನಡದವರೂ ಇದ್ದಾರೆ, ಮಲಯಾಳಂ ಮಾತ್ರ ಓದುವ ಮಕ್ಕಳೂ ಇದ್ದಾರೆ. ಎರಡನ್ನೂ ಒಂದರಲ್ಲೇ ಬರೆಯುವುದಾ?

1956ರಿಂದ ನಮ್ಮೂರಿಗೆ ಅಂಟಿದ ಪ್ರಶ್ನೆ ಇದು! ಎರಡು ಲಿಪಿ ಒಂದೇ ಮೇಲಿನಲ್ಲಿದ್ದರೆ ಅದೇ ಕಾರಣಕ್ಕೆ ಸ್ಪ್ಯಾಮ್ ಆಗುವುದಿಲ್ಲ. ಒಂದೇ ಪದದೊಳಗೆ ಬೇರೆ ಬೇರೆ ಲಿಪಿಯ ಅಕ್ಷರ ಬೆರೆಸಿದರೆ ಮಾತ್ರ ಅನುಮಾನ. ಆದರೆ ಮೇಲ್ ಉದ್ದವಾಗುತ್ತದೆ, ಅರ್ಧ ಮೇಲ್ ಪ್ರತಿಯೊಬ್ಬರಿಗೂ ಬೇಡದ್ದಾಗುತ್ತದೆ. ಸೇರುವ ಫಾರ್ಮಿನಲ್ಲೇ ಯಾವ ಭಾಷೆ ಬೇಕೆಂದು ಕೇಳಿ, ಎರಡು ಪಟ್ಟಿ ಮಾಡಿ.

## ಡೊಮೈನ್ ಮತ್ತು ಗುರುತಿನ ಚೀಟಿ

ಸಂಘಕ್ಕೆ ಸ್ವಂತ ಡೊಮೈನ್ ಬೇಕೇ ಬೇಕಾ?

ನೂರಾರು ಮಂದಿಗೆ ಕಳಿಸುವುದಾದರೆ ಬೇಕು. ನಿಮ್ಮ ಒಳ್ಳೆಯ ಹೆಸರು ಜಮೆ ಆಗುವ ಖಾತೆ ಅದು. ಹೆಸರಿನಲ್ಲಿ ಕಾಸರಗೋಡು ಇದ್ದರೆ ಒಂದು ಎಚ್ಚರಿಕೆ. ನಮ್ಮೂರಿಗೆ ಇಂಗ್ಲಿಷಿನಲ್ಲಿ ಎರಡು ಸ್ಪೆಲ್ಲಿಂಗ್ ಚಾಲ್ತಿಯಲ್ಲಿವೆ. 'ಆರ್' ಮತ್ತು 'ಜಿ' ನಡುವೆ ಕೆಲವರು 'ಎ' ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಮಂಜೇಶ್ವರಕ್ಕೂ ಕೊನೆಯಲ್ಲಿ 'ಎಂ' ಇರುವುದು, ಇಲ್ಲದ್ದು ಎಂದು ಎರಡುಂಟು. ಸಾಧ್ಯವಾದರೆ ಎರಡನ್ನೂ ಕೊಳ್ಳಿ. ಬಳಸದ ಡೊಮೈನಿನಿಂದ ಯಾವ ಮೇಲೂ ಬರುವುದಿಲ್ಲ ಎಂದು ಅದರ ದಾಖಲೆಯಲ್ಲಿ ಬರೆದಿಡಿ.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎನ್ನುತ್ತಾರಲ್ಲ, ಅದೆಲ್ಲ ಎಂತದ್ದು?

ದೇವಸ್ಥಾನದ ಹೆಸರಿನಲ್ಲಿ ಯಾರೋ ರಶೀದಿ ಹಿಡಿದು ಮನೆಗೆ ಬಂದರು ಎಂದುಕೊಳ್ಳಿ. ದುಡ್ಡು ಕೊಡುವ ಮೊದಲು ನೀವು ಏನು ನೋಡುತ್ತೀರಿ?

ಈ ವರ್ಷ ವಸೂಲಿಗೆ ಬರುವವರು ಇವರಿವರು ಎಂದು ದೇವಸ್ಥಾನದ ಬೋರ್ಡಿನಲ್ಲಿ ಹೆಸರು ಹಾಕಿದ್ದರೆ, ಅದು ಎಸ್‌ಪಿಎಫ್. ನಮ್ಮ ಡೊಮೈನಿನ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರುಗಳಿಗೆ ಅಧಿಕಾರ ಎಂಬ ಪಟ್ಟಿ. ಇದನ್ನು ಡಿಎನ್‌ಎಸ್‌ನಲ್ಲಿ (ಡೊಮೈನುಗಳ ವಿವರ ಎಲ್ಲರಿಗೂ ಸಿಗುವ ದಾಖಲೆ) ಒಂದು ಟೆಕ್ಸ್ಟ್ ರೆಕಾರ್ಡಾಗಿ ಹಾಕುತ್ತೇವೆ. ಒಂದು ಡೊಮೈನಿಗೆ ಒಂದೇ ಎಸ್‌ಪಿಎಫ್ ಸಾಲು. ಹೊಸ ಸೇವೆ ಸೇರಿಸುವಾಗ ಎರಡನೇ ಸಾಲು ಹಾಕಿದರೆ ಎರಡೂ ಕೆಡುತ್ತವೆ. ನಾನು ಕಂಡ ತಪ್ಪುಗಳಲ್ಲಿ ಇದೇ ಮೊದಲನೆಯದು. ಆ ಸಾಲನ್ನು ಓದುವಾಗ ಡಿಎನ್‌ಎಸ್ ಹುಡುಕಾಟ 10 ದಾಟಬಾರದು ಎಂಬ ನಿಯಮವೂ ಇದೆ. ಬಿಟ್ಟ ಸೇವೆಗಳ ಹೆಸರನ್ನು ಅಳಿಸುತ್ತಾ ಇರಿ.

ರಶೀದಿಯ ಮೇಲಿನ ಸೀಲು ಡಿಕಿಮ್. ಕಳಿಸುವ ಸರ್ವರ್ ತನ್ನ ಗುಟ್ಟಿನ ಕೀಲಿಯಿಂದ ಪ್ರತಿ ಮೇಲಿಗೂ ಸಹಿ ಹಾಕುತ್ತದೆ. ಅದನ್ನು ತಾಳೆ ನೋಡುವ ಕೀಲಿ ಡಿಎನ್‌ಎಸ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ನಡುದಾರಿಯಲ್ಲಿ ಯಾರಾದರೂ ಮೇಲನ್ನು ತಿದ್ದಿದರೆ ಸಹಿ ತಾಳೆಯಾಗುವುದಿಲ್ಲ. ಕೀಲಿ 2048 ಬಿಟ್‌ನದ್ದು ಇರಲಿ.

ಡಿಮಾರ್ಕ್ ಎಂದರೆ ಮನೆಯವರಿಗೆ ಕೊಟ್ಟ ಸೂಚನೆ. 'ಹೆಸರು, ಸೀಲು ಎರಡರಲ್ಲಿ ಒಂದೂ ತಾಳೆಯಾಗದಿದ್ದರೆ ಹೀಗೆ ಮಾಡಿ' ಎಂದು. 'ನನ್' (none) ಎಂದು ಬರೆದರೆ ಏನೂ ಮಾಡಬೇಡಿ, ನಮಗೆ ವರದಿ ಕಳಿಸಿ. 'ಕ್ವಾರಂಟೈನ್' ಎಂದರೆ ಸ್ಪ್ಯಾಮಿಗೆ ಹಾಕಿ. 'ರಿಜೆಕ್ಟ್' ಎಂದರೆ ಒಳಗೇ ಬಿಡಬೇಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಎಸ್‌ಪಿಎಫ್ ನೋಡುವುದು ಮೇಲಿನ ಹಿಂದೆ ಅಡಗಿರುವ ವಾಪಸಾತಿ ವಿಳಾಸವನ್ನು, ಕಣ್ಣಿಗೆ ಕಾಣುವ ಹೆಸರನ್ನಲ್ಲ. ಡಿಮಾರ್ಕ್ ಕೇಳುವುದು ಕಾಣುವ ಡೊಮೈನೂ ಪಾಸ್ ಆದ ಡೊಮೈನೂ ಒಂದೇನಾ ಎಂದು. ಮೇಲ್ ಸೇವೆಯವರ ಡೊಮೈನಿಗೆ ಪಾಸ್ ಸಿಕ್ಕಿ ನಿಮ್ಮದಕ್ಕೆ ಸಿಗದಿದ್ದರೆ ಡಿಮಾರ್ಕ್ ಫೇಲ್. ಅದಕ್ಕೇ ಸೇವೆಯವರು 'ನಿಮ್ಮ ಡೊಮೈನನ್ನು ದೃಢಪಡಿಸಿ' ಎಂದು ಮತ್ತೆ ಮತ್ತೆ ಕೇಳುವುದು.

ಮೊದಲ ದಿನವೇ 'ರಿಜೆಕ್ಟ್' ಹಾಕಿ ಶೂರರಾಗಬೇಡಿ. ಕೆಲವು ವಾರ 'ನನ್' ಇಟ್ಟು ವರದಿ ನೋಡಿ. ರಶೀದಿ ಕಳಿಸುವ ಸಾಫ್ಟ್‌ವೇರ್ ಒಂದಿತ್ತು ಎಂದು ಆಗ ನೆನಪಾಗುತ್ತದೆ.

ಇದೆಲ್ಲ ಸರಿ ಆಗಿದೆ ಎಂದು ನನಗೆ ಗೊತ್ತಾಗುವುದು ಹೇಗೆ?

ನಿಮ್ಮದೇ ಜೀಮೇಲಿಗೆ ಒಂದು ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಆರಿಸಿ. ಮೇಲ್ಗಡೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ 'ಪಾಸ್' ಇರಬೇಕು. ಎರಡು ನಿಮಿಷದ ಕೆಲಸ.

ದಿನಕ್ಕೆ 5000 ಮೇಲ್ ಕಳಿಸುವವರಿಗೆ ಹೊಸ ನಿಯಮ ಬಂದಿದೆಯಂತೆ. ನಮ್ಮದು ಮುನ್ನೂರು, ನಮಗೆ ಎಂತ?

2024ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ ಒಟ್ಟಿಗೆ ನಿಯಮ ಬಿಗಿ ಮಾಡಿದವು. ಜೀಮೇಲಿಗೆ ದಿನಕ್ಕೆ 5000ದಷ್ಟು ಕಳಿಸುವವರಿಗೆ ಮೂರೂ ಗುರುತು ಕಡ್ಡಾಯ. ಒಂದೇ ಒತ್ತಿಗೆ ಬಿಟ್ಟು ಹೋಗುವ ಸೌಲಭ್ಯವೂ ಕಡ್ಡಾಯ. ಔಟ್‌ಲುಕ್, ಹಾಟ್‌ಮೇಲ್ ವಿಳಾಸಗಳಿಗೆ ಮೈಕ್ರೋಸಾಫ್ಟ್ ಕೂಡ 2025ರ ಮೇ ತಿಂಗಳಲ್ಲಿ ಮೂರೂ ಗುರುತನ್ನು ಕಡ್ಡಾಯ ಮಾಡಿತು. ಕಡಿಮೆ ಕಳಿಸುವವರಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಿದ್ದರೂ ಗೂಗಲ್ ಒಪ್ಪುತ್ತದೆ. ಆದರೂ ಮೂರನ್ನೂ ಮಾಡಿ, ಹೇಗೂ ಕೂತಿದ್ದೀರಲ್ಲ.

ಸ್ಪ್ಯಾಮ್ ಒತ್ತುವವರ ಲೆಕ್ಕವನ್ನು ಮಾತ್ರ ಗಮನವಿಟ್ಟು ನೋಡಿ. ಅದು ಶೇಕಡಾ 0.3ನ್ನು ಮುಟ್ಟಬಾರದು, 0.1ರ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ಗೂಗಲ್. 0.3 ಎಂದರೆ ಸಾವಿರಕ್ಕೆ ಮೂರು. ನಿಮ್ಮ ಮುನ್ನೂರು ಮಂದಿಯಲ್ಲಿ ಒಬ್ಬರು ಒತ್ತಿದರೂ ಆ ಗೆರೆ ದಾಟಿತು! ಚಿಕ್ಕ ಪಟ್ಟಿಯಲ್ಲಿ ಇಷ್ಟವಿಲ್ಲದವರನ್ನು ಇಟ್ಟುಕೊಳ್ಳುವುದು ಇನ್ನೂ ದುಬಾರಿ.

## ತಲೆಬಿಸಿಯವು

ಹೊಸ ಡೊಮೈನ್ ತೆಗೆದು ಮೂರೂ ಪಾಸ್ ಮಾಡಿದೆ. ಆದರೂ ಸ್ಪ್ಯಾಮಿಗೇ ಹೋಗ್ತದೆ!

ಪಾಸ್ ಎಂದರೆ 'ಇವನು ಇವನೇ' ಎಂದು ಗೊತ್ತಾಯಿತು ಅಷ್ಟೇ. ಇವನು ಒಳ್ಳೆಯವನು ಎಂದು ಇನ್ನೂ ಯಾರಿಗೂ ಗೊತ್ತಿಲ್ಲ. ಕಳ್ಳರೂ ಈಗ ಮೂರನ್ನೂ ಪಾಸ್ ಮಾಡಿಕೊಂಡೇ ಬರುತ್ತಾರೆ.

ಯಕ್ಷಗಾನದ ಆಟದಲ್ಲಿ ನೇರ ಒಡ್ಡೋಲಗ (ಮುಖ್ಯ ವೇಷಗಳ ಪ್ರವೇಶ) ಇಲ್ಲವಲ್ಲ? ಸಂಜೆ, ಆಟ ಉಂಟೆಂದು ಸಾರುವ 'ಕೇಳಿ' ಬಾರಿಸುತ್ತಾರೆ. ಆಮೇಲೆ ಕೋಡಂಗಿ, ಬಾಲಗೋಪಾಲರು, ಸ್ತ್ರೀವೇಷ. ಕಿರೀಟ ವೇಷ ಬರುವಾಗ ಜನ ಚಾಪೆ ಹಾಸಿ ಕೂತಿರುತ್ತಾರೆ. ಹಾಗೆಯೇ ಮೊದಲ ಮೇಲನ್ನು ಸಮಿತಿಯವರು ಮತ್ತು ಖಂಡಿತ ತೆರೆದು ಓದುವ ನಲವತ್ತು ಐವತ್ತು ಮಂದಿಗೆ ಕಳಿಸಿ. ಉತ್ತರ ಬರೆಯಲು ಹೇಳಿ. ಕಾಂಟಾಕ್ಟಿಗೆ ಸೇರಿಸಿಕೊಳ್ಳಲೂ ಹೇಳಿ. ಸ್ಪ್ಯಾಮಿಗೆ ಬಿದ್ದಿದ್ದರೆ 'ನಾಟ್ ಸ್ಪ್ಯಾಮ್' ಒತ್ತಿಸಿ. ಮೂರು ದಿನ ಬಿಟ್ಟು ನೂರು, ಮುಂದಿನ ವಾರ ಇನ್ನೂರು. ಬ್ರಹ್ಮಕಲಶಕ್ಕೆ ಹತ್ತು ದಿನ ಇರುವಾಗ ಹೊಸ ಡೊಮೈನ್ ಕೊಂಡು ನನಗೆ ಫೋನ್ ಮಾಡಬೇಡಿ ದಯವಿಟ್ಟು.

ವಾಪಸ್ ಬಂದ ಮೇಲ್‌ಗಳಲ್ಲಿ 550, 421 ಎಂದೆಲ್ಲ ಇರ್ತದೆ. ಅದನ್ನು ಓದುವುದು ಹೇಗೆ?

ಮೊದಲ ಅಂಕಿ ನೋಡಿ. 5 ಎಂದರೆ ಪಕ್ಕಾ ಇಲ್ಲ. 550ರ ಜೊತೆ 5.1.1 ಇದ್ದರೆ ಅಂಥ ವಿಳಾಸವೇ ಇಲ್ಲ, ಕೂಡಲೇ ತೆಗೆಯಿರಿ. 5.7ರಿಂದ ಶುರುವಾದರೆ ವಿಳಾಸ ಇದೆ, ನಿಮ್ಮನ್ನು ಒಳಗೆ ಬಿಡುತ್ತಿಲ್ಲ. ಆಗ ಪಕ್ಕದ ವಾಕ್ಯ ಓದಬೇಕು, ಕಾರಣ ಅಲ್ಲೇ ಇರುತ್ತದೆ. 4 ಎಂದರೆ ಈಗ ಆಗುವುದಿಲ್ಲ, ಆಮೇಲೆ ಬಾ. ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ನಾಲ್ಕೈದು ತಿಂಗಳೂ ಅದೇ ಬಂದರೆ ಅದನ್ನೂ ತೆಗೆಯಿರಿ.

ಕಾಲೇಜಿನ ವಿಳಾಸದಿಂದ ಜೀಮೇಲಿಗೆ ಫಾರ್ವರ್ಡ್ ಮಾಡಿಟ್ಟವರಿಗೆ ಮಾತ್ರ ಬರುವುದಿಲ್ಲ. ಯಾಕೆ?

ಫಾರ್ವರ್ಡ್ ಆದಾಗ ಜೀಮೇಲಿಗೆ ಮೇಲ್ ಬರುವುದು ಕಾಲೇಜಿನ ಸರ್ವರಿನಿಂದ. ಆ ಸರ್ವರ್ ನಿಮ್ಮ ಎಸ್‌ಪಿಎಫ್ ಪಟ್ಟಿಯಲ್ಲಿಲ್ಲ, ಹಾಗಾಗಿ ಫೇಲ್. ಡಿಕಿಮ್ ಸಹಿ ಮಾತ್ರ ಮೇಲಿನ ಜೊತೆಯೇ ಪ್ರಯಾಣ ಮಾಡುತ್ತದೆ, ನಡುವೆ ಯಾರೂ ತಿದ್ದದಿದ್ದರೆ ಉಳಿಯುತ್ತದೆ. ಎಸ್‌ಪಿಎಫ್ ಒಂದನ್ನೇ ನಂಬಿ ಡಿಕಿಮ್ ಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಸುಲಭದ ದಾರಿ, ಆ ಸದಸ್ಯರ ಜೀಮೇಲ್ ವಿಳಾಸವನ್ನೇ ಕೇಳಿ ತೆಗೆದುಕೊಳ್ಳಿ.

ವೆಬ್‌ಸೈಟಿನ ಫಾರ್ಮಿನಿಂದ ಬರುವ ಮೇಲ್ ನಮಗೇ ಸ್ಪ್ಯಾಮಿಗೆ ಬೀಳ್ತದೆ.

ಫಾರ್ಮ್ ತುಂಬಿದವರ ವಿಳಾಸವನ್ನೇ ಕಳಿಸುವವರ ಜಾಗದಲ್ಲಿ ಹಾಕುತ್ತಿದ್ದೀರಿ. ನಿಮ್ಮ ಸರ್ವರ್ ಅವರ ಜೀಮೇಲಿನ ವೇಷ ಹಾಕಿದ ಹಾಗಾಯಿತು. ಕಳಿಸುವವರ ಜಾಗದಲ್ಲಿ ಸಂಘದ ವಿಳಾಸ ಇಡಿ, ತುಂಬಿದವರದ್ದನ್ನು 'ರಿಪ್ಲೈ ಟು' ಜಾಗಕ್ಕೆ ಹಾಕಿಸಿ.

ತುಂಬುವವರು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾ ಕೂಡ ಫಾರ್ಮಿಗೆ ಇರಲಿ. ಕಿಡಿಗೇಡಿ ಪ್ರೋಗ್ರಾಮುಗಳು ಸಾವಿರಾರು ಅಪರಿಚಿತರ ವಿಳಾಸ ತುಂಬಿಬಿಡುತ್ತವೆ. ಆಗ ಎಂದೂ ಕಾಣದ ಊರಿನವರಿಗೆ ನಿಮ್ಮ ತಾಳಮದ್ದಳೆಯ ಆಮಂತ್ರಣ ಹೋಗುತ್ತದೆ. 'ನೀವೇ ಸೇರಿದ್ದಾ? ಹೌದಾದರೆ ಒತ್ತಿ' ಎಂಬ ಒಂದು ಮೇಲ್ ಕಳಿಸಿ, ಒತ್ತಿದವರನ್ನು ಮಾತ್ರ ಪಟ್ಟಿಗೆ ಸೇರಿಸಿ. ಟೈಪ್ ತಪ್ಪಿದ ವಿಳಾಸಗಳೂ ಅಲ್ಲೇ ಸೋಸಿ ಹೋಗುತ್ತವೆ.

ನಮ್ಮನ್ನು ಬ್ಲಾಕ್‌ಲಿಸ್ಟಿಗೆ ಹಾಕಿದ್ದಾರಂತೆ. ದುಡ್ಡು ಕೊಟ್ಟರೆ ತೆಗೆಸಿಕೊಡ್ತೇನೆ ಎಂದು ಒಬ್ಬರು ಫೋನ್ ಮಾಡಿದ್ದಾರೆ.

ಒಂದು ಪೈಸೆ ಕೊಡಬೇಡಿ. ಬ್ಲಾಕ್‌ಲಿಸ್ಟ್ ಎಂದರೆ ಸ್ಪ್ಯಾಮ್ ಕಳಿಸುವವರೆಂದು ಗುರುತಿಸಿದವರ ಪಟ್ಟಿ. ಅಂಥದ್ದರಲ್ಲಿ ಎಲ್ಲರೂ ನೋಡುವುದು ಸ್ಪ್ಯಾಮ್‌ಹೌಸ್‌ನದ್ದು. ಅವರು ಹೆಸರು ತೆಗೆಯಲು ದುಡ್ಡು ತೆಗೆದುಕೊಳ್ಳುವುದಿಲ್ಲ. ಮೊದಲು ಅವರ ವೆಬ್‌ಸೈಟಿನಲ್ಲಿ ಪಟ್ಟಿಗೆ ಬಿದ್ದದ್ದು ನಿಮ್ಮ ಡೊಮೈನಾ ಅಥವಾ ಸರ್ವರಿನ ಐಪಿ ವಿಳಾಸವಾ (ನೆಟ್ಟಿನಲ್ಲಿ ಆ ಸರ್ವರಿನ ನಂಬರ್) ಎಂದು ನೋಡಿ. ಕಡಿಮೆ ದರದ ವೆಬ್ ಹೋಸ್ಟಿಂಗಿನಲ್ಲಿ ಒಂದೇ ಐಪಿಯಲ್ಲಿ ನೂರಾರು ಮಂದಿ ಇರುತ್ತಾರೆ, ಅವರಲ್ಲಿ ಒಬ್ಬ ಮಾಡಿದ ತಪ್ಪಿಗೆ ಎಲ್ಲರಿಗೂ ಏಟು. ಹಾಗಾಗಿದ್ದರೆ ಮೇಲ್ ಕಳಿಸುವುದನ್ನು ಬೇರೆ ಒಳ್ಳೆಯ ಸೇವೆಗೆ ಬದಲಿಸಿ. ಡೊಮೈನೇ ಬಿದ್ದಿದ್ದರೆ ಕಾರಣ ನಿಮ್ಮಲ್ಲೇ ಇದೆ: ಹಳೆ ಪಟ್ಟಿ, ಕದ್ದುಹೋದ ಪಾಸ್‌ವರ್ಡ್, ಇಲ್ಲವೇ ವೆಬ್‌ಸೈಟಿನೊಳಗೆ ನುಗ್ಗಿದ ಕಳ್ಳ. ಅದನ್ನು ಸರಿಮಾಡಿದ ಮೇಲೆ ತೆಗೆಯಲು ಕೇಳಿ.

ಎಷ್ಟು ಮಂದಿ ತೆರೆದರು ಎಂಬ ಲೆಕ್ಕವನ್ನು ನಂಬಬಹುದಾ?

ಅರ್ಧಂಬರ್ಧ. ಮೇಲಿನಲ್ಲಿ ಅಡಗಿಸಿದ ಒಂದು ಚುಕ್ಕೆಯಷ್ಟು ಚಿತ್ರ ಲೋಡ್ ಆದರೆ 'ತೆರೆದರು' ಎಂದು ಲೆಕ್ಕ. 2021ರ ಸೆಪ್ಟೆಂಬರಿನಿಂದ ಆಪಲ್ ಮೇಲ್, ಯಾರೂ ಓದದಿದ್ದರೂ ಚಿತ್ರವನ್ನು ತಾನೇ ತಂದಿಡುತ್ತದೆ. ಲಿಂಕ್ ಒತ್ತಿದವರು, ಉತ್ತರ ಬರೆದವರು, ಆಟಕ್ಕೆ ಬಂದವರು ಇವರನ್ನು ಎಣಿಸಿ. ಜೀಮೇಲಿನ ಸ್ಪ್ಯಾಮ್ ದೂರುಗಳ ಲೆಕ್ಕ ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಚಿಕ್ಕ ಪಟ್ಟಿಯಾದರೆ ಅಲ್ಲಿ ಹೆಚ್ಚಾಗಿ ಖಾಲಿ ಪುಟವೇ ಕಾಣುವುದು.

ಸಮಿತಿ ಬದಲಾದಾಗ ಇದನ್ನೆಲ್ಲ ಹೊಸಬರಿಗೆ ಹೇಗೆ ಕೊಡುವುದು?

ಇದನ್ನು ಕೇಳುವವರು ಕಡಿಮೆ, ಅಳುವವರು ಜಾಸ್ತಿ. ಒಂದು ಸಂಘದ ಡೊಮೈನ್ ಹಳೆ ಕಾರ್ಯದರ್ಶಿಯವರ ಅಳಿಯನ ಹೆಸರಿನಲ್ಲಿತ್ತು. ಅವರು ಅಬುಧಾಬಿಯಲ್ಲಿ ಕಂಪನಿ ಬದಲಿಸಿದರು. ನವೀಕರಣದ ನೆನಪೋಲೆ ಹೋಗುತ್ತಿದ್ದದ್ದು ಹಳೆ ಕಂಪನಿಯ ವಿಳಾಸಕ್ಕೆ. ಡೊಮೈನ್ ಕೈತಪ್ಪಿತು, ಅದರ ಜೊತೆ ಎಂಟು ವರ್ಷ ಕೂಡಿಟ್ಟ ಹೆಸರೂ ಹೋಯಿತು.

ಡೊಮೈನನ್ನು ಸಂಘದ ಹೆಸರಿನಲ್ಲೇ ಮಾಡಿ. ಸಾಧ್ಯವಾದರೆ ಐದು ವರ್ಷದ ಹಣ ಒಟ್ಟಿಗೆ ಕಟ್ಟಿ. ನೆನಪೋಲೆ ಇಬ್ಬರಿಗಾದರೂ ಬರುವ ಹಾಗಿರಲಿ. ಡೊಮೈನ್, ಡಿಎನ್‌ಎಸ್, ಮೇಲ್ ಸೇವೆ ಮೂರರ ಲಾಗಿನ್ ಮತ್ತು ನವೀಕರಣದ ತಾರೀಕನ್ನು ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ, ಖಜಾಂಚಿಯವರ ಕಪಾಟಿನಲ್ಲಿ ಮಿನಿಟ್ಸ್ ಪುಸ್ತಕದ ಜೊತೆ ಇಡಿ. ಅಧಿಕಾರ ವಹಿಸಿಕೊಡುವ ದಿನ ಚೆಕ್ ಪುಸ್ತಕದೊಂದಿಗೆ ಆ ಲಕೋಟೆಯನ್ನೂ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಪಾಸ್‌ವರ್ಡನ್ನು ಹೊಸಬರು ಅಂದೇ ಬದಲಿಸಲಿ, ಹಾಳೆಯಲ್ಲೂ ತಿದ್ದಲಿ.